ದಿಡ್ಡಿಬಾಗಿಲು

ಭಾನುವಾರ ಸಂಜೆ ಸಾಲಗಾಮೆ ರಸ್ತೆಯಲ್ಲಿ
ಮುನೀರನ ಜೆರಾಕ್ಸ್ ಅಂಗಡಿಯ ಶಟರ್ ಅರ್ಧ ಇಳಿದಿದ್ದರೆ
ಆಟ ಇದೆ, ಮೇಲೆ ಬನ್ನಿ ಅಂತ ಅರ್ಥ.
ಟೋನರ್ ವಾಸನೆಯ ಅಟ್ಟ. ಮೇಜಿನ ಗಿಡ್ಡ ಕಾಲಿನ ಕೆಳಗೆ
ಯಾವುದೋ ಶಾಲೆಯ ಹಳೇ ಪ್ರಶ್ನೆಪತ್ರಿಕೆಗಳ ಮಡಿಕೆ.
ಮೇಲೆ, ಗ್ರಾಫ್ ಹಾಳೆಯಲ್ಲಿ, ಪೆನ್ಸಿಲಿನ ಹೊಗೆಗಿರಿ ಕೋಟೆ.
ಹುಣಸೆಬೀಜವೆಲ್ಲ ಮೂಳೆಸೇನೆ.
ಇಂದುಧರನ ಧರ್ಮವೀರ ಚದುರಂಗದ ಬಿಳಿ ಕುದುರೆ.
ನಾನು ನನ್ನದೇ ಸ್ವೆಟರಿನಿಂದ ಕಿತ್ತ ಗುಂಡಿ,
ಕಪ್ಪು, ನಾಲ್ಕು ತೂತಿನದು.
ಹೆಸರು ಇರುಳಿ. ಕಸುಬು ವಿಷ ಮಾರುವುದು.
ಮದ್ದೂ ಮಾರುತ್ತೇನೆ. ಅದಕ್ಕೆ ಬೆಲೆ ಜಾಸ್ತಿ.

ವಾರದ ಆರು ದಿನ
ಆಲೂಗಡ್ಡೆ ಮಾರ್ಕೆಟ್ಟಿನ ತೂಕದ ಮನೆಯಲ್ಲಿ ಕೂರುವವಳು ನಾನು.
ಲಾರಿ ಹತ್ತುತ್ತದೆ, ಕೆಂಪು ಅಂಕಿ ನಡುಗಿ ನಡುಗಿ ನಿಲ್ಲುತ್ತದೆ,
ನಿಂತದ್ದನ್ನು ಬರೆಯುತ್ತೇನೆ.
ಹನ್ನೊಂದು ವರ್ಷ. ಒಂದು ಕಿಲೋ ಆಚೀಚೆ ಇಲ್ಲ.
'ಕಾಂತಾಮಣಿ ಚೀಟಿನಾ? ಕಣ್ಣು ಮುಚ್ಕೊಂಡು ತಗೋ' ಅಂತಾರೆ.
ಹಾಗಂದಾಗೆಲ್ಲ ನನ್ನೊಳಗೆ ಯಾರೋ
ಬಾಯಿಗೆ ಕೈ ಅಡ್ಡ ಹಿಡಿಯದೆ ಆಕಳಿಸುತ್ತಾರೆ.

ಇಂದುಧರ ಫೈನಾನ್ಸಿನವನು.
ಕಂತು ತಪ್ಪಿದವರ ಬೈಕನ್ನು ಕೋಳಿ ಕೂಗುವ ಮುಂಚೆ
ಸದ್ದಿಲ್ಲದೆ ನೂಕಿಕೊಂಡು ಬರುವುದು ಕೆಲಸ.
ಆಟದಲ್ಲಿ ಅವನು ಸುಳ್ಳಾಡುವುದಿಲ್ಲ,
ಬಿದ್ದ ಶತ್ರುವಿಗೆ ನೀರು ಕೊಡುತ್ತಾನೆ,
ಯುದ್ಧಕ್ಕೆ ಮುಂಚೆ ಒಂದು ಪ್ರಾರ್ಥನೆ ಓದುತ್ತಾನೆ.
ತಾನೇ ಬರೆದದ್ದು, ವಸೂಲಿ ಪುಸ್ತಕದ ಕೊನೆಯ ಹಾಳೆಯಲ್ಲಿ.
ನಾವ್ಯಾರೂ ನಗುವುದಿಲ್ಲ.

ಹೋದ ವಾರ, ಮುತ್ತಿಗೆಯ ಹದಿನೇಳನೇ ದಿನ,
ಕೋಟೆಯೊಳಗೆ ಜ್ವರದ ಮಕ್ಕಳು ಮೂವತ್ತು. ನನ್ನ ಸೀಸೆಗಳು ಬರಿದು.
ಮೂಳೆದೊರೆ ಕತ್ತಲಲ್ಲಿ ಹೇಳಿ ಕಳಿಸಿದ:
ಉತ್ತರದ ದಿಡ್ಡಿಬಾಗಿಲು ತೆಗೆ, ಮದ್ದು ಕೊಡುತ್ತೇನೆ.
ದಿಡ್ಡಿಗೆ ಕಾವಲು ಡೇಜಿಯ ತಮ್ಮ. ಆಟದ ತಮ್ಮ.
ಅವಳೇ ಹೆಸರಿಟ್ಟ, ಬಾರದ ಕೊಳಲನ್ನು ಬಿಡದೆ ಊದುವ
ಒಂದು ಕಡಲೆಕಾಳು.

'ಏನ್ ಮಾಡ್ತೀಯ?' ಮುನೀರ್ ಕೇಳಿದ.
ದೊಡ್ಡಾಸ್ಪತ್ರೆಯ ರಾತ್ರಿಪಾಳಿಗೆ ಹೊರಡಬೇಕಿದ್ದ ಡೇಜಿ
ಬೋಂಡ ಮುರಿಯುತ್ತಿದ್ದಳು.
'ತೆಗೀತೀನಿ' ಅಂದೆ.
ಗಂಟಲು ನನ್ನದೇ. ಅಷ್ಟು ಸಲೀಸಾಗಿ
ಅದು ಯಾವತ್ತೂ ನನಗೆ ಒದಗಿದ್ದಿಲ್ಲ.

ದಾಳ ಉರುಳಿತು. ಇಪ್ಪತ್ತು ಮುಖದ್ದು;
ತೋರುವುದೊಂದು ಮುಖ, ಕೂರುವುದು ಅದರ ಬೆನ್ನಿನದರ ಮೇಲೆ.
ಹತ್ತೊಂಬತ್ತು. ಅಗುಳಿ ಬೆಣ್ಣೆಯಂತೆ ಸರಿಯಿತು.
ಮುನೀರ್ ಹುಣಸೆಬೀಜಗಳನ್ನು ಒಂದೊಂದಾಗಿ ಒಳಗಿಟ್ಟ.
ಕಡಲೆಕಾಳನ್ನು ಎತ್ತಿದವನು
ಎಲ್ಲಿಡಬೇಕೋ ತಿಳಿಯದೆ ಅಂಗೈಯಲ್ಲೇ ಇಟ್ಟುಕೊಂಡ.

ಮಕ್ಕಳು ಉಳಿದರು. ಮೂವತ್ತರಲ್ಲಿ ಇಪ್ಪತ್ತೆಂಟು.
ಡೇಜಿ ಚಟ್ನಿಯನ್ನು ನನ್ನ ಕಡೆ ಸರಿಸಲಿಲ್ಲ.
'ಆಟ ಕಣೇ' ಅಂದೆ.
'ಗೊತ್ತು. ವಾರ್ಡಲ್ಲಿ ಒಂದೇ ಸಿಲಿಂಡರ್ ಇದ್ದ ರಾತ್ರಿ ನಾನೂ'
ಅಂತ ಶುರು ಮಾಡಿ
ಚಪ್ಪಲಿ ಹುಡುಕತೊಡಗಿದಳು.

ಇಂದುಧರ ಕುದುರೆಯನ್ನು ತಂದು ಗುಂಡಿಯೆದುರು ನಿಲ್ಲಿಸಿದ.
ದ್ರೋಹಿಯನ್ನು ಕಡಿಯಬೇಕು, ಅವನ ಪ್ರತಿಜ್ಞೆಯಲ್ಲಿದೆ.
ತುಂಬ ಹೊತ್ತು ದಾಳವನ್ನು ಮುಷ್ಟಿಯೊಳಗೇ ಕುಲುಕಿದ.
'ಮುಂದಿನ ಭಾನುವಾರದವರೆಗೆ ಟೈಮ್ ಕೊಡ್ತೀನಿ' ಅಂದ,
ಥೇಟು ಕಂತಿನ ದನಿಯಲ್ಲಿ.

ಸೋಮವಾರ ಆರೂವರೆ. ಹಾಸನದ ಚಳಿ
ಸ್ವೆಟರಿನ ಗುಂಡಿಯಿಲ್ಲದ ಜಾಗ ಹುಡುಕಿಕೊಂಡು ಬಂತು.
ಮೊದಲನೇ ಪಿಕಪ್ ತುಂಬಿದ ಮಾಲಿನೊಂದಿಗೆ ಹತ್ತಿದಾಗ
ಮೂಟೆಗಳ ಮೇಲೊಬ್ಬ ಕ್ಲೀನರ್ ಹುಡುಗ ನಿದ್ದೆ ಹೋಗಿದ್ದ.
ಖಾಲಿ ಗಾಡಿ ಮರಳಿ ತೂಕಕ್ಕೆ ಬಂದಾಗ
ಅವನು ಟೀ ಅಂಗಡಿ ಮುಂದೆ ಬನ್ನು ಅದ್ದುತ್ತಿದ್ದ.
ಮೂವತ್ತೆಂಟು ಕಿಲೋ ಇದ್ದಾನು. ಹೆಚ್ಚೆಂದರೆ ನಲವತ್ತು.
ಅಷ್ಟು ಹುಡುಗ ಆಲೂಗಡ್ಡೆಯ ರೇಟಿಗೆ ಹೋಗುತ್ತಾನೆ.
ಕಂಡವಳು ನಾನೊಬ್ಬಳೇ.

ಡ್ರೈವರ್ ಕಿಟಕಿಯೊಳಗೆ ಕೈ ಚಾಚಿದ,
ಕಣ್ಣು ಆಗಲೇ ಮುಚ್ಚಿದ್ದ.
ಜೇಬಿನಲ್ಲಿ ಗುಂಡಿ ಬೆಚ್ಚಗಿತ್ತು.
ಕೆಂಪು ಅಂಕಿ ಇನ್ನೂ ನಡುಗುತ್ತಿತ್ತು.
ನಿಲ್ಲಲಿ ಅಂತ ಕಾದೆ.