ಆಯೇರಿ ವಹಿ

ಶಹಾಬಾದಿನಲ್ಲಿ, ಶಹಾಬಾದಿನದೇ ಕಲ್ಲಿನ ಮೇಲೆ ಬೋರಲು ಮಲಗಿ
ಅವ್ವನ ಆಯೇರಿ ವಹಿಯನ್ನು ಲ್ಯಾಪ್‌ಟಾಪಿಗೆ ಇಳಿಸುತ್ತಿದ್ದೆ.
ಪಾಲಿಟೆಕ್ನಿಕ್ಕಿನ ಕೊನೆಯ ಪ್ರಾಜೆಕ್ಟು.
ಬೆನ್ನಿಗೆ ಫ್ಯಾನು, ಹೊಟ್ಟೆಗೆ ತಣ್ಣನೆ ನೆಲ,
ಹಾಸುಗಲ್ಲಿನ ಸಂದಿಯಲ್ಲಿ ಸಾಲು ಇರುವೆ.

"ಏನ್ ಮಾಡ್ಲತ್ತಿ?" ಅಂದಳು ಅವ್ವ.
"ಒಬ್ಬೊಬ್ಬರದು ಒಂದೊಂದು ನೋಡ್."
"ಏನ್ ನೋಡ್ಲಿ?"
"ನೋಡೋದಲ್ಲವ್ವ. ಚುಕ್ಕಿ.
ಚುಕ್ಕಿಯಿಂದ ಚುಕ್ಕಿಗೆ ಗೆರೆ."
"ರಂಗೋಲಿ ಅನ್ನು ಮತ್ತ," ಅಂದು ಒಳಗೆ ಹೋದಳು.

ವಹಿಯಲ್ಲಿ ಎಲ್ಲವೂ ಇತ್ತು.
ಮಲ್ಕಪ್ಪನ ಮಗಳ ಮದುವೆಗೆ ನಾವು ಉಡಿಸಿದ ಇಳಕಲ್ ಸೀರೆ,
ಮೂರು ವರ್ಷದ ಮೇಲೆ ಅವರು ತಿರುಗಿಸಿದ ಪಾಲಿಸ್ಟರು,
ಪಕ್ಕದಲ್ಲಿ ಅವ್ವ ಪೆನ್ಸಿಲಿನಲ್ಲಿ ಎಳೆದ ಸಣ್ಣ ಅಡ್ಡಗೀಟು.
ಬಾಣಕ್ಕೊಂದು ದಿಕ್ಕು, ಬಾಣಕ್ಕೊಂದು ತೂಕ.
ನಾನು ಎರಡು ಸೆಮಿಸ್ಟರು ಓದಿದ್ದನ್ನು
ಆಕೆ ಮೂವತ್ತು ವರ್ಷದಿಂದ ತಗಡಿನ ಟ್ರಂಕಿನಲ್ಲಿಟ್ಟಿದ್ದಳು.

ಮೊದಲು ಮನೆತನದ ಮರ ಬರೆಯಲು ಹೋಗಿದ್ದೆ.
ಎರಡನೇ ಸಂಜೆಗೇ ಕೆಟ್ಟಿತು.
ಅವ್ವ ಸೋದರಮಾವನನ್ನೇ ಮದುವೆಯಾದವಳು.
ಅಪ್ಪನ ದಾರಿ ಹಿಡಿದು ಏರಿದರೆ ತುಳಜಮ್ಮ ನನಗೆ ಅಜ್ಜಿ,
ಅವ್ವನ ದಾರಿ ಹಿಡಿದು ಏರಿದರೆ ಮುತ್ತಜ್ಜಿ.
ಒಬ್ಬಳೇ ಮುದುಕಿ ಎರಡು ಅಂತಸ್ತಿನಲ್ಲಿ ನಿಂತು
ಎರಡೂ ಕಡೆಯಿಂದ ಎಲೆಅಡಿಕೆ ಕೇಳಿದಳು.
ಮರದಲ್ಲಿ ಕವಲೊಡೆದ ಕೊಂಬೆ ಮತ್ತೆ ಬಂದು ಕೂಡುವುದಿಲ್ಲ
ಎಂದಿದ್ದರು ಸರ್.
ಅವರಿಗೆ ನಮ್ಮ ಬೀಗರ ಪರಿಚಯವಿಲ್ಲ.

ಆಮೇಲೆ ಖಾಜಾಬಿ.
ಸಂಬಂಧ ಎಂಬ ಖಾನೆಯಲ್ಲಿ ಏನು ತುಂಬಲಿ?
ರಕ್ತವಲ್ಲ, ಬೀಗತನವಲ್ಲ, ಸಾಲವೂ ಅಲ್ಲ.
ಅಕ್ಕನ ಬಾಣಂತನದಲ್ಲಿ ಇಪ್ಪತ್ತೊಂದು ದಿನ
ನಸುಕಿಗೆದ್ದು ನೀರು ಕಾಯಿಸಿದವಳು.
ನಾವು ಖಾಲಾ ಅನ್ನುತ್ತೇವೆ, ಆಕೆ ಅವ್ವನಿಗೆ ಅಕ್ಕಾ ಅನ್ನುತ್ತಾಳೆ.
'ಇತರೆ' ಎಂದು ಟೈಪು ಮಾಡಿ, ಅಳಿಸಿ,
ಆ ಸಂಜೆ ಅಲ್ಲಿಗೇ ಬಿಟ್ಟೆ.

ಜಗದೇವಿ ಅತ್ತಿಯ ಗೆರೆಯನ್ನು ನಾನೇ ತೆಗೆದುಹಾಕಿದ್ದೆ.
ಅವ್ವನಿಗೆ ಆಕೆ ನಾದಿನಿಯೂ ಹೌದು, ಚಿಗವ್ವನೂ ಹೌದು,
ಗೋಡೆಯಾಚೆಯ ಮನೆ, ಹನ್ನೊಂದು ವರ್ಷದಿಂದ ಮಾತಿಲ್ಲ.
ಎಂಟು ಹಾಸುಗಲ್ಲಿನ ಜಗಳ.
ಪರದೆ ನೋಡಿ ಅವ್ವ ಸಿಟ್ಟಾದಳು:
"ಯಾರ್ ಹೇಳ್ಯಾರ ನಿನಗ ಅಳಸು ಅಂತ?
ಮಾತ್ ಬಿಟ್ಟೀನಿ. ಆಕಿನ್ನ ಬಿಟ್ಟಿಲ್ಲ.
ದಿನಾ ಆಕಿ ಕುಕ್ಕರಿನ ಸೀಟಿ ಎಣಸ್ತೀನಿ ನಾ,
ನಾಕನೇದು ಕೂಗಿತಂದ್ರ ಮನಿಗಿ ಮಂದಿ ಬಂದಾರ."

ಗೆರೆ ಮತ್ತೆ ಎಳೆದೆ. ತೂಕ ಎಷ್ಟೆಂದು ತಿಳಿಯದೆ
ಸೊನ್ನೆಗಿಂತ ಕೆಳಗಿನ ಅಂಕಿ ಕೊಟ್ಟೆ.
ಋಣ ಅನ್ನುತ್ತಾರೆ ಅದಕ್ಕೆ ಗಣಿತದಲ್ಲಿ.
ನಮ್ಮ ಮನೆಯಲ್ಲೂ.

ಋಣವನ್ನು ಬದಿಗಿಟ್ಟು, ಬರೀ ಮಾತಿನ ಗೆರೆ ಹಿಡಿದು
ಅವ್ವನಿಂದ ಜಗದೇವಿಗೆ ಹತ್ತಿರದ ದಾರಿ ಹುಡುಕು ಅಂದೆ.
ಕಣ್ಣು ಮಿಟುಕಿಸುವುದರೊಳಗೆ ಬಂತು:
ಅವ್ವ, ಖಾಜಾಬಿ, ಜಗದೇವಿ.
"ಅದು ನನಗ ಗೊತ್ತದ," ಅಂದಳು ಅವ್ವ,
"ಪುಂಡಿಪಲ್ಯ ಅದೇ ದಾರೀಲೆ ಹೋಗ್ತದ."

ಖಾಜಾಬಿಯ ಚುಕ್ಕಿ ತೆಗೆದರೆ ಓಣಿ ಎರಡು ತುಂಡು.
ಬರೀ ಲೆಕ್ಕ ಎಂದುಕೊಂಡಿದ್ದೆ,
ಮಗಳ ಹೆರಿಗೆಗೆಂದು ಆಕೆ ಗಂಟು ಕಟ್ಟಿಕೊಂಡು
ವಾಡಿಯ ಪ್ಯಾಸೆಂಜರು ಹತ್ತುವ ತನಕ.
ಒಂದು ವಾರ ಸುದ್ದಿ ಇಲ್ಲ, ಪಲ್ಯ ಇಲ್ಲ.
ಅವ್ವ ಸೀಟಿ ಎಣಿಸಿದಳು, ತಪ್ಪಿದಳು,
ನನ್ನನ್ನು ಕೇಳಿದಳು: ಮೂರೋ, ನಾಕೋ?

ಎಂಟನೇ ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಬಂದರೆ
ನಡುಗೋಡೆಯ ಮೇಲೊಂದು ಸ್ಟೀಲಿನ ಡಬರಿ.
ತಾಟು ಮುಚ್ಚಿದೆ, ಬೆಕ್ಕಿನ ಭಯಕ್ಕೆ ತಾಟಿನ ಮೇಲೆ ಕಲ್ಲಿಟ್ಟಿದೆ.
ಯಾರದೋ ಮದುವೆಯಲ್ಲಿ ಕೆತ್ತಿಸಿದ ಹೆಸರು
ತಳದಲ್ಲಿ, ಗೋಡೆಗೆ ಮುಖ ಮಾಡಿಕೊಂಡಿದೆ.
ಹೋಗುವುದೋ ಬಂದದ್ದೋ, ಬಾಣದ ಮೊನೆ ಯಾವ ಕಡೆಗೋ,
ಎತ್ತಿ ನೋಡಲಿಲ್ಲ.
ಬಾಯಿ ತುಂಬ ನೊರೆ ಇಟ್ಟುಕೊಂಡು ನಿಂತಿದ್ದೆ.
ಒಳಗೆ
ಅವ್ವ ಟ್ರಂಕು ತೆಗೆದ ಸದ್ದು.