ಜಿಪ್ಪು ರಿಪೇರಿ

ಆಂಡರ್ಸನ್‌ಪೇಟೆಯ ನನ್ನ ಅಂಗಡಿಗೆ
ಮಿಸೆಸ್ ಡಿಕ್ರೂಜ್ ತಂದಿಟ್ಟದ್ದು ಗಂಡನ ಚರ್ಮದ ಜಾಕೀಟು.
'ಜಿಪ್ಪು ಕೂರ್ತಿಲ್ಲ, ಸೋಮವಾರ ಬರ್ತೀನಿ.'
ಯಾವ ಸೋಮವಾರ, ಹೇಳಲಿಲ್ಲ.

ಮೊಳೆಗೆ ಹಾಕಿದೆ. ಭುಜ ಇಳಿಸಲಿಲ್ಲ ಅದು,
ಒಳಗೆ ಯಾರೋ ನಿಂತೇ ಇದ್ದ ಹಾಗೆ,
ಮೊಣಕೈ ಮಡಚಿದ್ದಲ್ಲೇ ಮಡಚಿಕೊಂಡು.
ನಾನು ಹೊಲಿದ ಅಂಗಿಗಳೋ
ಒಂದೇ ಒಗೆತಕ್ಕೆ ತೊಟ್ಟವನನ್ನು ಮರೆಯುತ್ತವೆ.

ಮೂರನೇ ವರ್ಷ
ಶಟರ್ ಎಳೆದು ತೊಟ್ಟುಕೊಂಡೆ.
ಸೀಮೆಎಣ್ಣೆ, ಬೆವರು, ಆರಿದ ಸಿಗರೇಟು.
ಒಳಜೇಬಲ್ಲಿ ಗಣಿಯ ಹಿತ್ತಾಳೆ ಬಿಲ್ಲೆ, ನಂಬರು ಸವೆದದ್ದು.
ಏಪ್ರಿಲ್ ತಿಂಗಳು.
ಬಿಚ್ಚಲಿಲ್ಲ.

ಆಮೇಲೆ ಗುಜರಿಯಲ್ಲಿ ಇನ್ನೊಂದು, ಉಣ್ಣೆ ಕಾಲರಿನದು,
'ವಿಮಾನ ಹೊಡೆಯೋರದು' ಅಂದ ಬಾಷಾ.
ನಾನು ಹತ್ತಿದ ಎತ್ತರ ಸೈನೈಡ್ ದಿಬ್ಬ, ಅಷ್ಟೇ.
ನೆಲದೊಳಗೆ ಇಳಿದವನ ಪಕ್ಕ
ಮೋಡದೊಳಗೆ ಹೋದವನನ್ನು ನೇತುಹಾಕಿದೆ.
ರಾತ್ರಿ ಏನು ಮಾತಾಡಿಕೊಂಡವೋ.

ಈಗ ಹದಿನಾಲ್ಕು.
'ಅಷ್ಟು ಚಳಿ ಎಲ್ಲಿ ತರ್ತೀಯ?' ಮುನಿರತ್ನಳ ಪ್ರಶ್ನೆ.
ಮಳೆಗಾಲ ಬಂದರೆ ಅವಳೇ
ಬೂಸ್ಟು ಒರೆಸುತ್ತಾಳೆ, ಕೊಬ್ಬರಿ ಎಣ್ಣೆ ತಿಕ್ಕುತ್ತಾಳೆ,
ಬೈಯುತ್ತಲೇ, ಒಂದೊಂದರ ತೋಳನ್ನೂ
ಮಗುವಿನ ಕೈಯಂತೆ ಎತ್ತಿ.

ಮೊದಲನೆಯದರ ಜಿಪ್ಪು ಮಾತ್ರ ಹಾಗೇ ಇದೆ.
ಯಾವುದಾದರೂ ಸೋಮವಾರ ಆಕೆ ಬಂದರೆ
'ಇನ್ನೂ ಆಗಿಲ್ಲಮ್ಮ, ನಾಳೆ ಬನ್ನಿ' ಅನ್ನಬಹುದು,
ಎಲ್ಲ ಟೈಲರುಗಳ ಹಾಗೆ.