ಹೊಸ್ತಿಲದ ಗೀರು

ವರಳಿಯ ಜಪಾನಿ ಸ್ಮಶಾನದ ಕೀಲಿಕೈ
ಇಪ್ಪತ್ತು ವರ್ಷದಿಂದ ನನ್ನ ಸೆರಗಿನ ತುದ್ಯಾಗ ಐತಿ.
ಇವತ್ತ ಬಿಚ್ಚಿದೆ. ಹನ್ನೊಂದು ಮಂದಿ ಬಂದ್ರು,
ಹನ್ನೊಂದು ನಮೂನಿ ಟೊಪಿಗಿ.
ನಾರ್ವೆಯಂವ, ಬ್ರೆಜಿಲ್‌ದಾಕಿ, ಕೊರಿಯಾದವರು ಇಬ್ಬರು,
ಜಪಾನದ ಮಂದಿ ಹೆಂಗ ಬಾಳತಾರ, ಹೆಂಗ ಸಾಯತಾರ
ಅದನ್ನ ಓದೂದ ಇವರ ಕೆಲಸಂತ.
ಖುದ್ದ ಜಪಾನದಂವ ಒಬ್ಬನ, ಕುಸುಮೊತೊ ಮಾಸ್ತರ,
ಎಲ್ಲಾರಕಿಂತ ಹಿಂದ, ಎಲ್ಲಾರಕಿಂತ ಸುಮ್ಮನ.

ಒಂದು ಕಲ್ಲಿನ ಮುಂದ ಜಗಳ ಹತ್ತಿತು.
ಪಾಚಿ ತಿಂದ ಅಕ್ಷರ:
ಹತ್ತೊಂಬತ್ತೋ, ಹದಿನಾರೋ?
ಯಾವ ನಡುಗಡ್ಡಿಯಾಕಿ? ಯಾರು ಕಳಿಸಿದ್ರು? ಸಾಲ ಎಷ್ಟಿತ್ತು?
ಇಂಗ್ಲಿಷಿನಾಗ, ಮೆತ್ತಗ, ಒಬ್ಬರ ಮಾತು ಒಬ್ಬರು ಕಡೀದಂಗ
ಅರ್ಧ ತಾಸು ಜಗಳಾಡಿದ್ರು.
ನಾ ಹುಣಸಿಹಣ್ಣು, ನಾರು, ಒಂದು ತಂಬಿಗಿ ನೀರು ತಂದೆ.
ತಿಕ್ಕಿದೆ.
ಹದಿನಾರಂತ.

ಆಗ ನಾರ್ವೆಯಂವ, ಹಿಂದಿ ಹುಡುಕಿ ಹುಡುಕಿ:
ಬಾಯಿ, ಈ ಹುಡಿಗಿ ಮುಂಬೈದಾಗ ಏನ್ ಮಾಡತಿದ್ಲು, ಗೊತ್ತೇನು?
ಗೊತ್ತಿಲ್ಲದ ಏನಪಾ.
ಅಕಿ ಇದ್ದ ಓಣಿಯಾಗ ನಾ ಹುಟ್ಟಿದಾಕಿ.
ನಮ್ಮವ್ವಗ ಮುತ್ತು ಕಟ್ಟಿದಾಗ ಹನ್ನೆರಡು,
ರಾಯಬಾಗದಿಂದ ಇಲ್ಲಿ ಬಂದಿಳಿದಾಗ ಅಕಿಗೂ ಹದಿನಾರು.

ನಮ್ಮ ಖೋಲಿ ಹೊಸ್ತಿಲದಾಗ ಒಂದು ಗೀರಿತ್ತು,
ಈ ಗ್ವಾಡಿಯಿಂದ ಆ ಗ್ವಾಡಿ ಮಟಾ, ನೆಟ್ಟಗ.
ಇದ್ದ ಬಾಗಿಲಕ್ಕೂ ಅದಕ್ಕೂ ಸಂಬಂಧಿಲ್ಲ.
ಯಾಕ ಕೊರದಾರಂತ ಯಾರಿಗೂ ತಿಳೀಲಿಲ್ಲ.
ಅವ್ವ ಅದರಾಗ ಐದು ಪೈಸೆ, ಹತ್ತು ಪೈಸೆ ಸಾಲಾಗಿ ಇಡತಿದ್ಲು.
ಹಿಂದಿಂದು ದೂಡಿದ್ರ ಎಲ್ಲಾ ಸರೀತಿದ್ವು
ರೈಲಿನಂಗ.
ಮಂದಿ ಒಳಗ ಬಂದಾಗ ನಾ ಹೊರಗ ಕುಂತು
ಅದನ್ನ ಆಡತಿದ್ದೆ.

ಹನ್ನೊಂದು ಪೆನ್ನು ನಿಂತ್ವು.
ಸರಿಸೂ ಬಾಗಿಲದ್ದು! ಅಂದ್ಲು ಬ್ರೆಜಿಲ್‌ದಾಕಿ,
ಅಕಿ ಅಜ್ಜಿ ಮನಿಯಾಗ ಇತ್ತಂತ, ಸಾವೊ ಪೌಲೊದಾಗ.
ಎಲ್ಲೈತಿ? ನಡೀರಿ, ಈಗ ನಡೀರಿ.
ಎಲ್ಲೀದು. ಬಿಲ್ಡಿಂಗ ಕೆಡವಿ ಮೂರು ವರ್ಷಾತು,
ಅಲ್ಲೀಗ ಗಾಡಿ ನಿಲ್ಲಸ್ತಾರ.
ಅಗಲ ಎಷ್ಟಿತ್ತು?
ಹೆಬ್ಬೆರಳು ತೋರಿಸಿದೆ.
ಅಷ್ಟೂ ಮಂದಿ
ತಮ್ಮ ತಮ್ಮ ಹೆಬ್ಬೆರಳು ನೋಡಕೊಂಡ್ರು.

ಬಸ್ಸು ಹಾರನ್ ಹೊಡೀತು. ಹೋದ್ರು. ಮಾಸ್ತರ ಉಳಿದ.
ಅವ್ವನ ಹೆಸರು ಕೇಳಿದ.
ಬಾಳವ್ವ, ಅಂದೆ.
ತನ್ನ ಲಿಪಿಯಾಗ ಬರಕೊಂಡ. ಅದರಾಗ ಳ ಇಲ್ಲಂತ,
ಲ ಸುದ್ದಾ ಇಲ್ಲಂತ.
ಇದ್ದ ಅಕ್ಷರದಾಗ ಹೊಂದಿಸಿ,
ಸರಿ ಐತೇನು ನೋಡಂತ
ಆ ಹದಿನಾರರ ಕಲ್ಲಿನ ಮುಂದ ನಿಂತು
ದನಿ ಎತ್ತಿ ಓದಿದ:

ಬಾರವ್ವ.

ತಿದ್ದಲಿಲ್ಲ ನಾ.